ವೆದರ್ ಯಾವುದು, ಕ್ಲೈಮೇಟ್ ಯಾವುದು? ಮಲೆನಾಡಿನ ಮಳೆ ಇಟ್ಟುಕೊಂಡು ನೋಡೋಣ

ಮಳೆಗಾಲ ಶುರುವಾದರೆ ಸಾಕು, ಆಗುಂಬೆ ಘಾಟಿಯಲ್ಲಿ ನಿಂತು ತೆಗೆದ ಫೋಟೋಗಳು ಸಾಲು ಸಾಲಾಗಿ ಬರುತ್ತವೆ. ಮಂಜು, ತೊಟ್ಟಿಕ್ಕುವ ಮರ, ಕೈಯಲ್ಲಿ ಬಿಸಿ ಚಹಾ, ಕೆಳಗೆ ಒಂದು ಸಾಲು: "ಕ್ಲೈಮೇಟ್ ಸೂಪರ್ ಆಗಿದೆ". ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲೂ ಇದೇ ಮಾತು. ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನ ಮೋಡ ಕಟ್ಟಿದರೆ "ಕ್ಲೈಮೇಟ್ ಚೇಂಜ್ ಆಯ್ತು ನೋಡಿ" ಅನ್ನುತ್ತಾರೆ. ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ಎರಡೂ ಕಡೆ ಬೇಕಾಗಿದ್ದ ಪದ ವೆದರ್. ಒಂದು ಮಧ್ಯಾಹ್ನದಲ್ಲಿ ಕ್ಲೈಮೇಟ್ ಬದಲಾಗುವುದಿಲ್ಲ.

ಅರ್ಥ ಆದರೆ ಸಾಕಲ್ವಾ, ಪದ ಯಾವುದಾದರೇನು ಅಂತ ಕೇಳಬಹುದು. ಬಸ್ ಸ್ಟ್ಯಾಂಡಿನ ಮಾತಿಗೆ ಸಾಕು. ಆದರೆ ಅಡಿಕೆಗೆ ಔಷಧಿ ಯಾವತ್ತು ಹೊಡೆಯಬೇಕು, ಗದ್ದೆ ತೆಗೆದು ತೋಟ ಹಾಕಬೇಕಾ ಬೇಡವಾ, ಬರ ಯಾಕೆ ಬಂತು ಅನ್ನುವ ಮಾತಿಗೆ ಬಂದಾಗ ಈ ಎರಡು ಪದ ಕಲಸಿಹೋದರೆ ಯೋಚನೆಯೂ ಕಲಸಿಹೋಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಲಭವಾಗಿ ಹೇಳಬೇಕೆಂದರೆ, ಒಂದು ಜಾಗದಲ್ಲಿ ಈಗ, ಇವತ್ತು, ಈ ವಾರ ಗಾಳಿ, ಮಳೆ, ಬಿಸಿಲು, ಸೆಕೆ ಹೇಗಿದೆ ಅನ್ನುವುದು ವೆದರ್. ಅದೇ ಜಾಗದಲ್ಲಿ ಹತ್ತಾರು ವರ್ಷಗಳ ಲೆಕ್ಕ ತೆಗೆದರೆ ಯಾವ ತಿಂಗಳಲ್ಲಿ ಏನಾಗುತ್ತದೆ, ಎಷ್ಟು ಆಗುತ್ತದೆ, ಎಷ್ಟರವರೆಗೆ ಹೆಚ್ಚು ಕಮ್ಮಿ ಆಗುತ್ತದೆ ಅನ್ನುವುದು ಕ್ಲೈಮೇಟ್. ವೆದರ್ ಮೈಗೆ ತಾಗುತ್ತದೆ. ಜಗಲಿಯಲ್ಲಿ ಕೂತಿದ್ದರೆ ಇರಚಲು ಹೊಡೆದು ಬಟ್ಟೆ ಒದ್ದೆಯಾಗುತ್ತದೆ. ಕ್ಲೈಮೇಟ್ ಹಾಗೆ ಒಂದು ದಿನ ನಿಂತು ನೋಡಿದರೆ ಸಿಗುವುದಿಲ್ಲ. ಅದನ್ನು ಬರೆದಿಟ್ಟ ಅಂಕಿಗಳಿಂದ, ಇಲ್ಲವೇ ಹಿರಿಯರ ನೆನಪಿನಿಂದ ಕಟ್ಟಿಕೊಳ್ಳಬೇಕು.

ಕನ್ನಡದವರಿಗೆ ಇಲ್ಲಿ ಗೊಂದಲ ಆಗುವುದಕ್ಕೆ ಒಂದು ನ್ಯಾಯವಾದ ಕಾರಣ ಇದೆ. ನಾವು ಎರಡಕ್ಕೂ ಹವಾಮಾನ ಅನ್ನುತ್ತೇವೆ. ನಾಳೆ ಮಳೆ ಬರುತ್ತದೆ ಎಂದು ಹೇಳುವುದು ಹವಾಮಾನ ವರದಿ. ಭೂಮಿ ಬಿಸಿಯಾಗುತ್ತಿದೆ ಎಂದು ಹೇಳುವುದು ಹವಾಮಾನ ಬದಲಾವಣೆ. ಮೊದಲನೆಯದು ವೆದರ್, ಎರಡನೆಯದು ಕ್ಲೈಮೇಟ್. ಶಾಲೆಯ ಭೂಗೋಳ ಪುಸ್ತಕದಲ್ಲಿ ಕ್ಲೈಮೇಟ್‌ಗೆ ವಾಯುಗುಣ ಎಂಬ ಪದ ಇದೆ, ಪರೀಕ್ಷೆಯಲ್ಲಿ ಬರೆದಿದ್ದೇವೆ ಕೂಡ. ಆದರೆ ಶಾಲೆ ಬಿಟ್ಟಮೇಲೆ ಯಾರೂ ವಾಯುಗುಣ ಅಂತ ಮಾತಾಡುವುದಿಲ್ಲ. ಹಾಗಾಗಿ ಇಂಗ್ಲಿಷ್ ಪದ ಎತ್ತಿಕೊಂಡಾಗ ಯಾವುದು ಬಾಯಿಗೆ ಬಂತೋ ಅದನ್ನೇ ಹೇಳುತ್ತೇವೆ. ಕ್ಲೈಮೇಟ್ ಅನ್ನುವುದು ಸ್ವಲ್ಪ ಗಟ್ಟಿಯಾಗಿ ಕೇಳಿಸುತ್ತದೆ ಅಂತಲೋ ಏನೋ, ನಮ್ಮ ಕಡೆ ಅದೇ ಜಾಸ್ತಿ ಓಡುತ್ತಿದೆ.

ಇಂಗ್ಲಿಷ್‌ನಲ್ಲಿ ಬಳಸುವಾಗ ಒಂದು ಗುರುತು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ವಾಕ್ಯದಲ್ಲಿ ಟುಡೇ, ಟುಮಾರೋ, ದಿಸ್ ವೀಕ್, ನೌ ಇದ್ದರೆ ವೆದರ್ ಬರಬೇಕು. "ದ ವೆದರ್ ಈಸ್ ಲವ್ಲಿ ಟುಡೇ" ಸರಿ. ಅಲ್ಲಿ ಕ್ಲೈಮೇಟ್ ಹಾಕಿದರೆ ತಪ್ಪು. ಊರಿನ ಸ್ವಭಾವ ಹೇಳುವಾಗ ಕ್ಲೈಮೇಟ್ ಬರುತ್ತದೆ. "ಆಗುಂಬೆ ಹ್ಯಾಸ್ ಎ ವೆಟ್ ಕ್ಲೈಮೇಟ್" ಅಂದರೆ ಅಲ್ಲಿ ಇವತ್ತು ಮಳೆ ಇದೆಯೋ ಇಲ್ಲವೋ ಅನ್ನುವುದಕ್ಕೂ ಆ ಮಾತಿಗೂ ಸಂಬಂಧ ಇಲ್ಲ. ಜನವರಿಯಲ್ಲಿ ಚುರುಕು ಬಿಸಿಲಿನಲ್ಲಿ ನಿಂತು ಹೇಳಿದರೂ ಆ ವಾಕ್ಯ ನಿಜವೇ.

ಇನ್ನೊಂದು ವ್ಯತ್ಯಾಸ ವ್ಯಾಕರಣದ್ದು. ವೆದರ್ ಅನ್ನುವುದನ್ನು ಎಣಿಸುವುದಿಲ್ಲ, ಅದಕ್ಕೆ ಮೊದಲು "ಎ" ಬರುವುದಿಲ್ಲ. "ವಾಟ್ ಎ ವೆದರ್" ಅಂತ ನಾವು ಸಲೀಸಾಗಿ ಅನ್ನುತ್ತೇವೆ, ಆದರೆ ಅಲ್ಲಿ "ವಾಟ್ ವೆದರ್" ಅಥವಾ "ವಾಟ್ ಲವ್ಲಿ ವೆದರ್" ಅನ್ನಬೇಕು. ಕ್ಲೈಮೇಟ್ ಎಣಿಕೆಗೆ ಸಿಗುತ್ತದೆ. ಒಂದು ಜಿಲ್ಲೆಯಲ್ಲೇ ಎರಡು ಮೂರು ಕ್ಲೈಮೇಟ್ ಇರಬಹುದು, ಶಿವಮೊಗ್ಗದಲ್ಲಿ ಇವೆ ಕೂಡ, ಅದಕ್ಕೆ ಆಮೇಲೆ ಬರುತ್ತೇನೆ. ಬರೆಯುವಾಗ ವೆದರ್ ಪದವನ್ನು ಅದೇ ಥರ ಕೇಳಿಸುವ, ಹೌದೋ ಅಲ್ಲವೋ ಎಂಬ ಅರ್ಥ ಕೊಡುವ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಳ್ಳುವವರೂ ತುಂಬ ಇದ್ದಾರೆ. ಉಚ್ಚಾರ ಹೆಚ್ಚುಕಮ್ಮಿ ಒಂದೇ, ಸ್ಪೆಲಿಂಗ್ ಮಾತ್ರ ಬೇರೆ.

ಎರಡೂ ಪದಗಳು ಗಾಳಿ ಮಳೆ ಬಿಟ್ಟು ಹೊರಗೂ ಓಡಾಡುತ್ತವೆ. ಮೈ ಹುಷಾರಿಲ್ಲದಿದ್ದರೆ "ಅಂಡರ್ ದ ವೆದರ್" ಅನ್ನುತ್ತಾರೆ. ಇವತ್ತು ಹುಷಾರಿಲ್ಲ, ಎರಡು ದಿನಕ್ಕೆ ಸರಿಹೋಗುತ್ತದೆ ಎಂಬ ಧ್ವನಿ ಅದರಲ್ಲಿದೆ. ರಾಜಕೀಯದ ಬಗ್ಗೆ ಹೇಳುವಾಗ ಮಾತ್ರ "ಪೊಲಿಟಿಕಲ್ ಕ್ಲೈಮೇಟ್". ಒಂದು ದಿನದ ಗಲಾಟೆಗೆ ಹಾಗನ್ನುವುದಿಲ್ಲ, ಬಹಳ ದಿನದಿಂದ ಬೇರೂರಿದ ವಾತಾವರಣಕ್ಕೆ ಅನ್ನುತ್ತಾರೆ. ಅಂದರೆ ಅಲಂಕಾರಕ್ಕೆ ಬಳಸುವಾಗಲೂ ಹೊತ್ತಿನದು ವೆದರ್‌ಗೆ, ಕಾಲದ್ದು ಕ್ಲೈಮೇಟ್‌ಗೆ.

ಒಂದೇ ಒಂದು ಕಡೆ ಮಾತ್ರ ಇದು ತಲೆಕೆಳಗು. ಬಂಡೆ ಮಳೆ ಬಿಸಿಲಿಗೆ ಸಿಕ್ಕಿ ನಿಧಾನವಾಗಿ ಕೊಳೆತು ಪುಡಿಯಾಗುವುದಕ್ಕೆ ಭೂವಿಜ್ಞಾನದಲ್ಲಿ ವೆದರಿಂಗ್ ಎಂದು ಹೆಸರು. ನಮ್ಮ ಮನೆ ಗೋಡೆಗೆ ಬಳಸುವ ಜಂಬಿಟ್ಟಿಗೆ ಕಲ್ಲು ಹುಟ್ಟಿದ್ದು ಹೀಗೆ. ಬಿಸಿ ಮತ್ತು ಜೋರು ಮಳೆ ಎರಡೂ ಇರುವ ಕಡೆ ಬಂಡೆಯೊಳಗಿನ ಬೇರೆಲ್ಲ ಸತ್ವ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಕೆಂಪಾಗುತ್ತದೆ. ಅದು ಒಂದು ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ, ಬಹಳ ಬಹಳ ಕಾಲ ಬೇಕು. ಹೆಸರಿನಲ್ಲಿ ವೆದರ್ ಇದ್ದರೂ ಕೆಲಸ ಪೂರ್ತಿ ಕ್ಲೈಮೇಟಿನದು.

ಈಗ ತೋಟಕ್ಕೆ ಹೋಗೋಣ, ಯಾಕೆಂದರೆ ಈ ವ್ಯತ್ಯಾಸವನ್ನು ಅಡಿಕೆ ಬೆಳೆಗಾರರಷ್ಟು ಚೆನ್ನಾಗಿ ಬಲ್ಲವರು ಇಲ್ಲ, ಪದ ಬಳಸದೇ ಇದ್ದರೂ.

ಕೊಳೆರೋಗದ ವಿಷಯ ತೆಗೆದುಕೊಳ್ಳಿ. ಅದಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಬಿಡದೆ ಮಳೆ, ಗಾಳಿಯಲ್ಲಿ ತುಂಬಾ ತೇವ, ತಂಪು, ನಡುನಡುವೆ ಸ್ವಲ್ಪ ಬಿಸಿಲು, ಇಷ್ಟು ಸಿಕ್ಕಿದರೆ ಅದು ಕೊನೆಯಿಂದ ಕೊನೆಗೆ (ಕೊನೆ ಅಂದರೆ ಅಡಿಕೆ ಗೊಂಚಲು) ಹಬ್ಬಿ ಎಳೆ ಅಡಿಕೆ ಉದುರಲು ಶುರುವಾಗುತ್ತದೆ. ತಡೆಯಲು ಶೇ 1ರ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಕಷ್ಟ ಇರುವುದು ಈ ಎರಡನೆಯದರಲ್ಲಿ. ಆ ಹೊತ್ತಿಗೆ ಜಡಿಮಳೆ ಇರುತ್ತದೆ. ಮಳೆ ಹೊಳವಾಗಬೇಕು, ಅಂದರೆ ಸ್ವಲ್ಪ ಹೊತ್ತು ನಿಲ್ಲಬೇಕು, ಮರ ಜಾರದಂತಿರಬೇಕು, ಮರ ಹತ್ತುವ ಕೊನೆಗೌಡರು ಸಿಗಬೇಕು, ಹೊಡೆದ ಔಷಧಿ ಕೊನೆಗೆ ಅಂಟಿ ಒಣಗುವಷ್ಟು ಹೊತ್ತು ಮಳೆ ಬರಬಾರದು. ಆಗ ಬೆಳೆಗಾರ ದಿನವೂ ಆಕಾಶ ನೋಡುತ್ತಾನೆ, ಮೊಬೈಲ್ ನೋಡುತ್ತಾನೆ, ಪಕ್ಕದ ಊರಿಗೆ ಫೋನ್ ಮಾಡಿ ಅಲ್ಲಿ ಹೊಳವಾಯ್ತಾ ಅಂತ ಕೇಳುತ್ತಾನೆ. ಇದೆಲ್ಲ ವೆದರ್. ಅರ್ಧ ದಿನದ ಹೊಳವು ಸಿಕ್ಕರೆ ಬೆಳೆ ಉಳಿಯುತ್ತದೆ, ಸಿಗದಿದ್ದರೆ ಕೊಳೆಯುತ್ತದೆ.

ಆದರೆ ಮುಂಗಾರಿಗೆ ಮೊದಲು ಹೊಡೆಯಬೇಕು ಅನ್ನುವ ನಿಯಮ ಎಲ್ಲಿಂದ ಬಂತು? ಮಲೆನಾಡಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ಭಾಗದಲ್ಲಿ ಬರುತ್ತದೆ, ಜುಲೈನಲ್ಲಿ ಬಿಡದೆ ಹೊಡೆಯುತ್ತದೆ ಎಂಬ ಹಳೆಯ ಅನುಭವದಿಂದ ಬಂತು. ಅದು ಕ್ಲೈಮೇಟ್. ಇನ್ನೂ ಮುಂದೆ ಹೋದರೆ, ತೋಟ ಹಾಕುವ ತೀರ್ಮಾನ ಇದೆಯಲ್ಲ, ಅದು ಪೂರ್ತಿ ಕ್ಲೈಮೇಟಿನ ಮೇಲೆ ನಿಂತಿದೆ. ಅಡಿಕೆ ಸಸಿ ನೆಟ್ಟರೆ ಫಸಲು ಬರಲು ಐದಾರು ವರ್ಷವಾದರೂ ಬೇಕು. ಆಮೇಲೆ ಆ ಮರ ಹತ್ತಾರು ವರ್ಷ ನಿಲ್ಲುತ್ತದೆ. ನೆಟ್ಟ ವರ್ಷ ಮಳೆ ಹೇಗಿತ್ತು ಅನ್ನುವುದು ಆ ಲೆಕ್ಕದಲ್ಲಿ ಬಹಳ ಚಿಕ್ಕ ವಿಷಯ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ಇರುತ್ತದಾ, ಮಳೆಗಾಲ ಎಷ್ಟು ಉದ್ದ, ಮಾರ್ಚ್ ಏಪ್ರಿಲ್ ಸೆಕೆ ಎಲ್ಲಿಯವರೆಗೆ ಏರುತ್ತದೆ, ಇದನ್ನೆಲ್ಲ ಮುಂದಿನ ಮೂವತ್ತು ನಲವತ್ತು ವರ್ಷಕ್ಕೆ ಯೋಚಿಸಬೇಕು. ಎರಡು ವರ್ಷ ಒಳ್ಳೆ ಮಳೆ ಬಂತು, ಬಾವಿ ತುಂಬಿತು ಎಂದು ನೀರಿಲ್ಲದ ಗುಡ್ಡದ ಮೇಲೆ ತೋಟ ಹಾಕಿದರೆ, ವೆದರ್ ನೋಡಿ ಕ್ಲೈಮೇಟಿನ ತೀರ್ಮಾನ ಮಾಡಿದ ಹಾಗೆ. ನಮ್ಮ ಕಡೆ, ಅದರಲ್ಲೂ ಅರೆಮಲೆನಾಡಿನಲ್ಲಿ, ಇದು ನಡೆಯುತ್ತಿರುವ ರೀತಿ ನೋಡಿದರೆ ನನಗೆ ನಿಜವಾಗಿ ಆತಂಕ ಆಗುತ್ತದೆ. ಕೊಳವೆಬಾವಿ ನಂಬಿ ಹಾಕಿದ ತೋಟ ಒಂದು ಬರಕ್ಕೆ ತಡೆಯಬಹುದು, ಬೆನ್ನುಬೆನ್ನಿಗೆ ಎರಡು ಬಂದರೆ ಕಷ್ಟ.

ಹತ್ತಾರು ವರ್ಷ ಅಂದೆ. ವಿಜ್ಞಾನಿಗಳು ಇದಕ್ಕೆ ಒಂದು ಅಳತೆ ಇಟ್ಟುಕೊಂಡಿದ್ದಾರೆ: 30 ವರ್ಷ. ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಸರಾಸರಿಯನ್ನು ಆ ಜಾಗದ ಕ್ಲೈಮೇಟ್ ಎಂದು ಹಿಡಿಯುತ್ತದೆ, ಈಗ ಬಳಕೆಯಲ್ಲಿರುವುದು 1991ರಿಂದ 2020ರ ಲೆಕ್ಕ. ಭಾರತೀಯ ಹವಾಮಾನ ಇಲಾಖೆ ಮುಂಗಾರಿಗೆ ಇನ್ನೂ ಉದ್ದದ ಲೆಕ್ಕ ಇಟ್ಟುಕೊಂಡಿದೆ. 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ ತೆಗೆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆ ಸುಮಾರು 87 ಸೆಂಟಿಮೀಟರ್ ಮಳೆ. ಆ ವರ್ಷದ ಮಳೆ ಇದರ ಶೇ 96ರಿಂದ 104ರ ಒಳಗೆ ಬಂದರೆ ಅದನ್ನು ಸಾಮಾನ್ಯ ಮುಂಗಾರು ಅನ್ನುತ್ತಾರೆ. ಶೇ 90ಕ್ಕಿಂತ ಇಳಿದರೆ ಕೊರತೆ.

ಪತ್ರಿಕೆಯಲ್ಲಿ ದಿನವೂ ಬರುವ ಮಳೆ ವರದಿಯಲ್ಲಿ "ವಾಡಿಕೆ ಮಳೆ" ಎಂಬ ಮಾತು ನೋಡಿರುತ್ತೀರಿ. ಜೂನ್‌ನಲ್ಲಿ ವಾಡಿಕೆ ಇಷ್ಟು, ಬಿದ್ದದ್ದು ಇಷ್ಟು ಅಂತ ಇರುತ್ತದೆ. ವಾಡಿಕೆ ಅನ್ನುವುದು ಕ್ಲೈಮೇಟ್, ಬಿದ್ದದ್ದು ವೆದರ್. ನನ್ನ ಕೇಳಿದರೆ ಈ ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಾಲು ಬೇರೆ ಇಲ್ಲ. ಲಿಂಗನಮಕ್ಕಿಯ ನೀರಿನ ಮಟ್ಟವೂ ಹೀಗೇ. ಇವತ್ತು ಎಷ್ಟು ಅಡಿ ಇದೆ ಅನ್ನುವುದು ಮೊನ್ನೆ ಸುರಿದ ಮಳೆಯ ಕಥೆ. ಪೂರ್ತಿ ಮಟ್ಟ 1819 ಅಡಿ ಇರಲಿ ಎಂದು ಕಟ್ಟಿದರಲ್ಲ, ಶರಾವತಿ ಕೊಳ್ಳದಲ್ಲಿ ವರ್ಷಗಟ್ಟಲೆ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ ಇಲ್ಲದೆ ಅಂಥದ್ದನ್ನು ಯಾರೂ ಕಟ್ಟುವುದಿಲ್ಲ. 1964ರಲ್ಲಿ ಮುಗಿದ ಆ ಅಣೆಕಟ್ಟು ಆ ಕಾಲದವರು ತಿಳಿದಿದ್ದ ಕ್ಲೈಮೇಟಿನ ಮೇಲೆ ನಿಂತಿದೆ.

ಸರಾಸರಿ ಅಂದಕೂಡಲೇ ಕ್ಲೈಮೇಟ್ ಅಂದರೆ ಬರೀ ಸರಾಸರಿ ಅಂದುಕೊಳ್ಳುವುದೂ ಸರಿಯಲ್ಲ. ಎಷ್ಟು ಏರುಪೇರು ಆಗುತ್ತದೆ, ಅತಿ ಜೋರು ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಮಳೆ ದಿನಗಳು ಎಷ್ಟು, ಇವೂ ಕ್ಲೈಮೇಟಿನ ಭಾಗವೇ. ಒಂದೇ ವಾಡಿಕೆ ಮಳೆ ಇರುವ ಎರಡು ಊರು ಇಟ್ಟುಕೊಳ್ಳಿ. ಒಂದರಲ್ಲಿ ಅದು ತಿಂಗಳಿಡೀ ಸೋನೆಯಾಗಿ ಬರುತ್ತದೆ, ಇನ್ನೊಂದರಲ್ಲಿ ನಾಲ್ಕು ದಿನದಲ್ಲಿ ಸುರಿದು ಹೋಗುತ್ತದೆ. ಅಂಕಿ ಒಂದೇ. ಗದ್ದೆಗೆ ಮಾತ್ರ ಎರಡೂ ಒಂದೇ ಅಲ್ಲ.

ಒಂದು ಜಿಲ್ಲೆಯಲ್ಲಿ ಎರಡು ಮೂರು ಕ್ಲೈಮೇಟ್ ಇದೆ ಅಂದೆನಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಂದ ತೀರ್ಥಹಳ್ಳಿ, ಮಂಡಗದ್ದೆ ದಾಟಿ ತುಂಗೆಯ ಜೊತೆಗೇ ಶಿವಮೊಗ್ಗಕ್ಕೆ ಬಂದರೆ ನೂರು ಕಿಲೋಮೀಟರ್ ಕೂಡ ಆಗುವುದಿಲ್ಲ, ಆದರೆ ಊರಿನ ಮಳೆ ಸಾವಿರ ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅರಬ್ಬೀ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೇಲೇರಿದ ಗಾಳಿ ತಂಪಾಗುತ್ತದೆ, ತಂಪಾದ ಗಾಳಿ ನೀರು ಹಿಡಿದಿಟ್ಟುಕೊಳ್ಳಲಾರದೆ ಅಲ್ಲೇ ಸುರಿಸುತ್ತದೆ. ಪೂರ್ವಕ್ಕೆ ದಾಟುವ ಹೊತ್ತಿಗೆ ಉಳಿದದ್ದು ಸ್ವಲ್ಪ. ಇದು ಪ್ರತಿ ವರ್ಷ ಹೀಗೇ ಆಗುವುದರಿಂದ ಕ್ಲೈಮೇಟ್. ಊರುಗಳ ಮನೆಗಳಲ್ಲೂ ಅದು ಕಾಣುತ್ತದೆ. ಘಟ್ಟದ ಅಂಚಿನ ಹಳೆ ಮನೆಗಳ ಮಾಡು ಕಡಿದಾಗಿ ಇಳಿದಿರುತ್ತದೆ, ಮಳೆಗಾಲಕ್ಕೆ ಮೊದಲೇ ಇರಚಲಿಗೆ ತಟ್ಟಿ ಕಟ್ಟುತ್ತಾರೆ, ಸೌದೆ ಒಳಗೆ ಒಟ್ಟುತ್ತಾರೆ. ಮಾಡಿನ ಇಳಿಜಾರು ನಿರ್ಧಾರ ಮಾಡಿದವರು ಆ ವಾರದ ಮಳೆ ನೋಡಿ ಮಾಡಿದ್ದಲ್ಲ. ಅಂದಹಾಗೆ ಕ್ಲೈಮೇಟ್ ಪದದ ಗ್ರೀಕ್ ಮೂಲಕ್ಕೆ ಇಳಿಜಾರು ಎಂದೇ ಅರ್ಥ. ಅವರು ಹೇಳಿದ್ದು ಸೂರ್ಯನ ಕಿರಣ ಎಷ್ಟು ಓರೆಯಾಗಿ ಬೀಳುತ್ತದೆ ಎಂಬ ಲೆಕ್ಕದಲ್ಲಿ. ನಮ್ಮಲ್ಲಿ ಬೆಟ್ಟದ ಇಳಿಜಾರಿಗೂ ಆ ಮಾತು ಹೊಂದುತ್ತದೆ.

ನಮ್ಮ ಹಿರಿಯರ ಮಳೆ ನಕ್ಷತ್ರಗಳೂ ನನ್ನ ಪ್ರಕಾರ ಒಂದು ಒಳ್ಳೆಯ ಕ್ಲೈಮೇಟ್ ದಾಖಲೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಸುತ್ತುತ್ತಾನೆ ಎಂಬ ಲೆಕ್ಕ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೂನ್ ಕೊನೆಗೆ ಆರಿದ್ರಾ, ಜುಲೈನಲ್ಲಿ ಪುನರ್ವಸು, ಪುಷ್ಯ, ಆಗಸ್ಟ್ ಶುರುವಿಗೆ ಆಶ್ಲೇಷ, ಆಮೇಲೆ ಮಖೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವಂಥ ಗಾದೆಗಳು ಒಬ್ಬರು ಒಂದು ವರ್ಷ ನೋಡಿ ಕಟ್ಟಿದ್ದಲ್ಲ. ತಲೆಮಾರುಗಳ ಕಾಲ ನೋಡಿ, ಯಾವ ಹದಿನೈದು ದಿನದಲ್ಲಿ ಯಾವ ಥರದ ಮಳೆ ವಾಡಿಕೆ ಎಂದು ಗುರುತು ಮಾಡಿ, ಬಿತ್ತನೆಗೆ ನಾಟಿಗೆ ಹೊಂದಿಸಿ ಇಟ್ಟದ್ದು. ಆದ್ದರಿಂದ "ಈ ಸಲ ಆರಿದ್ರಾ ಕೈಕೊಟ್ಟಿತು" ಎಂದು ಹೇಳುವಾಗ ನಾವು ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳುತ್ತೇವೆ. ಆರಿದ್ರಾದಲ್ಲಿ ಮಳೆ ಬರಬೇಕಿತ್ತು ಎಂಬುದು ಕ್ಲೈಮೇಟ್. ಬರಲಿಲ್ಲ ಎಂಬುದು ವೆದರ್. ಒಂದು ಸಲ ಕೈಕೊಟ್ಟರೆ ಗಾದೆ ಸುಳ್ಳಾಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಮತ್ತೆ ಮತ್ತೆ ಕೈಕೊಟ್ಟರೆ ಮಾತ್ರ ಗಾದೆಯ ಹಿಂದಿನ ಕ್ಲೈಮೇಟೇ ಬದಲಾಗಿದೆ ಎಂದು ಅನುಮಾನ ಪಡಬೇಕು.

ಇಲ್ಲಿಗೆ ಬಂದರೆ ದೊಡ್ಡ ಜಗಳದ ವಿಷಯ. ಒಂದು ಜೋರು ಮಳೆ ಬಂದು ತುಂಗೆ ಉಕ್ಕಿದರೆ "ಎಲ್ಲಾ ಕ್ಲೈಮೇಟ್ ಚೇಂಜ್" ಅನ್ನುವವರು ಒಂದು ಕಡೆ. ಡಿಸೆಂಬರ್‌ನಲ್ಲಿ ಹಲ್ಲು ಕಡಿಯುವ ಚಳಿ ಬಿದ್ದರೆ "ಎಲ್ಲಿದೆ ನಿಮ್ಮ ಗ್ಲೋಬಲ್ ವಾರ್ಮಿಂಗ್" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ: ಒಂದು ದಿನದ ವೆದರ್ ಹಿಡಿದು ಕ್ಲೈಮೇಟ್ ಬಗ್ಗೆ ತೀರ್ಪು ಕೊಡುತ್ತಿದ್ದಾರೆ. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಈ ಎರಡರಲ್ಲಿ ಒಂದೊಂದನ್ನೇ ಹಿಡಿದುಕೊಂಡರೆ ಮಲೆನಾಡು ಮುಳುಗುತ್ತಿದೆ ಅಂತಲೂ ಹೇಳಬಹುದು, ಒಣಗುತ್ತಿದೆ ಅಂತಲೂ ಹೇಳಬಹುದು.

2023ರ ಬರದ ಹಿಂದೆ ಎಲ್ ನಿನೋ ಇತ್ತು. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ಮೇಲ್ಮೈ ನೀರು ಕೆಲವು ವರ್ಷಕ್ಕೊಮ್ಮೆ ವಾಡಿಕೆಗಿಂತ ಬಿಸಿಯಾಗುತ್ತದೆ, ಆಗ ಗಾಳಿಯ ದಾರಿ ಬದಲಾಗಿ ನಮ್ಮ ಮುಂಗಾರು ಸೊರಗುವುದು ಹೆಚ್ಚು. ಇದು ಒಂದು ವಾರದ ವೆದರ್ ಅಲ್ಲ, ಹಾಗೆಂದು ಕ್ಲೈಮೇಟ್ ಚೇಂಜ್ ಕೂಡ ಅಲ್ಲ. ಕ್ಲೈಮೇಟಿನ ಒಳಗೇ ಮೊದಲಿಂದ ಇರುವ ಏರಿಳಿತ. ವೆದರ್ ಮತ್ತು ಕ್ಲೈಮೇಟ್ ನಡುವೆ ಇಂಥ ನಡುವಿನ ಜಾಗವೂ ಇದೆ ಅನ್ನುವುದನ್ನು ಬಹಳ ಲೇಖನಗಳು ಹೇಳುವುದೇ ಇಲ್ಲ.

ಇದೇ ಗೊಂದಲ ಜಗತ್ತಿನ ಮಟ್ಟದಲ್ಲೂ ಆಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಬಿಸಿ ಕೈಗಾರಿಕೆಗಳಿಗಿಂತ ಹಿಂದಿನ ಕಾಲಕ್ಕೆ ಹೋಲಿಸಿದರೆ 1.5 ಡಿಗ್ರಿಗಿಂತ ಏರದಂತೆ ಪ್ರಯತ್ನ ಮಾಡಬೇಕು ಎಂದು ದೇಶಗಳು ಒಪ್ಪಿದವು. 2024ರಲ್ಲಿ ಇಡೀ ವರ್ಷದ ಸರಾಸರಿ ಮೊದಲ ಸಲ ಆ ಗೆರೆ ದಾಟಿತು, ಸುಮಾರು 1.55 ಡಿಗ್ರಿ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಒಪ್ಪಂದ ಮುರಿದುಬಿತ್ತು ಎಂದು ತುಂಬ ಜನ ಬರೆದರು. ಒಂದು ವರ್ಷ ದಾಟಿದರೆ ಒಪ್ಪಂದದ ಮಿತಿ ದಾಟಿದ ಹಾಗೆ ಅಲ್ಲ, ಆ ಮಿತಿ ಇರುವುದು ದೀರ್ಘ ಕಾಲದ ಸರಾಸರಿಗೆ. ಹಾಗೆಂದು ನೆಮ್ಮದಿ ಪಡುವ ಸುದ್ದಿಯೂ ಅಲ್ಲ. ಒಂದೊಂದು ವರ್ಷ ಸೇರಿಯೇ ಸರಾಸರಿ ಆಗುವುದು, ನಡುವೆ ಏರಿಳಿತ ಇದ್ದರೂ ಆ ವರ್ಷಗಳು ಒಟ್ಟಾರೆ ಬಿಸಿಯಾಗುತ್ತಲೇ ಬಂದಿವೆ.

ಹಾಗಾದರೆ ಒಂದು ಮಳೆಗೂ ಕ್ಲೈಮೇಟ್ ಚೇಂಜ್‌ಗೂ ಸಂಬಂಧವೇ ಇಲ್ಲವಾ? ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಿನ ಆವಿ ಹಿಡಿಯಬಲ್ಲದು. ಹೆಚ್ಚು ಹಿಡಿದದ್ದು ಸುರಿಯುವಾಗಲೂ ಹೆಚ್ಚು ಸುರಿಯುತ್ತದೆ. ಹಾಗಾಗಿ ಈ ಮಳೆ ಬಂದದ್ದೇ ಕ್ಲೈಮೇಟ್ ಚೇಂಜ್‌ನಿಂದ ಅನ್ನುವುದು ಕಷ್ಟ, ಆದರೆ ಇಂಥ ಮಳೆ ಬರುವ ಸಂಭವ ಮೊದಲಿಗಿಂತ ಎಷ್ಟು ಹೆಚ್ಚಾಗಿದೆ ಎಂದು ಲೆಕ್ಕ ಹಾಕಬಹುದು. ವಿಜ್ಞಾನಿಗಳು ಈಗ ಹಾಗೇ ಮಾತಾಡುತ್ತಾರೆ, ನಾವೂ ಹಾಗೇ ಮಾತಾಡಿದರೆ ಒಳ್ಳೆಯದು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ನಾಳಿದ್ದಿನ ಮಳೆಯನ್ನೇ ಸರಿಯಾಗಿ ಹೇಳಲಾರದವರು 2050ರ ಕ್ಲೈಮೇಟ್ ಹೇಗೆ ಹೇಳುತ್ತಾರೆ? ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ ಅರ್ಥವಾದರೆ ಎರಡು ಪದಗಳ ವ್ಯತ್ಯಾಸವೂ ಬೇರುಸಮೇತ ಅರ್ಥವಾಗುತ್ತದೆ.

ಅಮೆರಿಕದಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ವಿಜ್ಞಾನಿ 1961ರಲ್ಲಿ ಕಂಪ್ಯೂಟರಿನಲ್ಲಿ ಗಾಳಿಯ ಚಲನೆಯ ಒಂದು ಸಣ್ಣ ಮಾದರಿ ಓಡಿಸುತ್ತಿದ್ದರು. ಒಮ್ಮೆ ಮಾಡಿದ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಲು 0.506127 ಎಂಬ ಅಂಕಿಯ ಬದಲು ಕಾಗದದಲ್ಲಿ ಅಚ್ಚಾಗಿದ್ದ 0.506 ಕೊಟ್ಟರು. ಅಷ್ಟು ಚೂರು ವ್ಯತ್ಯಾಸಕ್ಕೆ ಏನಾಗುತ್ತದೆ ಅನಿಸುತ್ತದೆ ಅಲ್ವಾ? ಸ್ವಲ್ಪ ದೂರ ಹಳೆಯ ದಾರಿಯಲ್ಲೇ ಹೋದ ಲೆಕ್ಕ ಆಮೇಲೆ ಪೂರ್ತಿ ಬೇರೆ ಕಡೆ ತಿರುಗಿತು. 1963ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಮತ್ತು ಆಮೇಲೆ ನಡೆದ ಕೆಲಸದಿಂದ ತಿಳಿದದ್ದು ಇಷ್ಟು: ಇವತ್ತಿನ ಗಾಳಿ, ತೇವ, ಒತ್ತಡ ಎಷ್ಟೇ ಚೆನ್ನಾಗಿ ಅಳೆದರೂ ಅಳತೆಯಲ್ಲಿ ಉಳಿಯುವ ಚೂರು ತಪ್ಪು ದಿನ ಕಳೆದಂತೆ ಬೆಳೆಯುತ್ತದೆ, ಸುಮಾರು ಎರಡು ವಾರದಾಚೆ ದಿನ ದಿನದ ಮುನ್ಸೂಚನೆ ನಂಬಲು ಆಗುವುದಿಲ್ಲ. ಎಷ್ಟು ದೊಡ್ಡ ಕಂಪ್ಯೂಟರ್ ತಂದರೂ ಈ ಗಡಿಯನ್ನು ಸ್ವಲ್ಪ ಆಚೆ ತಳ್ಳಬಹುದು, ಅಳಿಸಲು ಆಗುವುದಿಲ್ಲ.

ಕ್ಲೈಮೇಟ್ ಲೆಕ್ಕ ಬೇರೆ ಥರದ್ದು. ಬಚ್ಚಲ ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯುತ್ತಿದೆ ಅಂದುಕೊಳ್ಳಿ. ಮುಂದಿನ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಯಾರೂ ಹೇಳಲಾರರು. ಆದರೆ ಒಲೆಗೆ ಇನ್ನೆರಡು ಸೌದೆ ಕುಂಟೆ ತುರುಕಿದರೆ ನೀರು ಜೋರಾಗಿ ಕುದಿಯುತ್ತದೆ ಎಂದು ಮಕ್ಕಳೂ ಹೇಳುತ್ತಾರೆ. ಗುಳ್ಳೆ ವೆದರ್, ಕುದಿ ಕ್ಲೈಮೇಟ್, ಕುಂಟೆಯ ಜಾಗದಲ್ಲಿ ಇರುವುದು ಕಾರ್ಬನ್ ಡೈಆಕ್ಸೈಡ್. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಇದನ್ನು ಅಳೆಯುತ್ತಿದ್ದಾರೆ. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಕೈಗಾರಿಕೆಗಳಿಗೆ ಮೊದಲು 280ರ ಆಸುಪಾಸಿನಲ್ಲಿತ್ತು. ಇದು ಎಷ್ಟು ಏರಿದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದು ಶಕ್ತಿಯ ಲೆಕ್ಕ. 2050ರ ಜುಲೈ 10ರಂದು ಹೊಸನಗರದಲ್ಲಿ ಮಳೆ ಬರುತ್ತದಾ ಎಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ, ಹೇಳಿದರೆ ನಂಬಬೇಡಿ. ಆ ಕಾಲದ ಜುಲೈ ತಿಂಗಳುಗಳು ಒಟ್ಟಾರೆ ಈಗಿಗಿಂತ ಎಷ್ಟು ಬಿಸಿ ಇರಬಹುದು ಎಂದು ಹೇಳಬಹುದು, ಅದೂ ನಾವು ಇನ್ನು ಮುಂದೆ ಎಷ್ಟು ಕಲ್ಲಿದ್ದಲು, ಪೆಟ್ರೋಲ್ ಸುಡುತ್ತೇವೆ ಎಂಬುದರ ಮೇಲೆ ನಿಂತ ಮಾತು. ಅದಕ್ಕೇ ಇಂಗ್ಲಿಷ್‌ನಲ್ಲಿ ವೆದರ್‌ಗೆ ಫೋರ್‌ಕಾಸ್ಟ್ ಎಂದರೆ, ಇಷ್ಟು ದೂರದ ಕ್ಲೈಮೇಟಿನ ಮಾತಿಗೆ ಪ್ರೊಜೆಕ್ಷನ್ ಅನ್ನುತ್ತಾರೆ.

ಹತ್ತಿರದ ಮುನ್ಸೂಚನೆ ಓದುವಾಗ ಭಾರಿ ಮಳೆಯ ಅಲರ್ಟ್‌ಗಳನ್ನೂ ಹೀಗೇ ನೋಡಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರಿಂದ 115.5 ಮಿಲಿಮೀಟರ್‌ವರೆಗೆ ಬಿದ್ದರೆ ಭಾರಿ ಮಳೆ, ಅಲ್ಲಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಈ ಅಳತೆ ಇಡೀ ದೇಶಕ್ಕೆ ಒಂದೇ. ಜುಲೈನಲ್ಲಿ ಆಗುಂಬೆಯವರಿಗೆ ನೂರು ಮಿಲಿಮೀಟರ್ ಅಂದರೆ ಮಾಮೂಲಿ ಒಂದು ದಿನ. ಅದೇ ನೂರು ಮಿಲಿಮೀಟರ್ ಶಿವಮೊಗ್ಗ ಪೇಟೆಗೆ ಬಿದ್ದರೆ ಚರಂಡಿ ಉಕ್ಕಿ ರಸ್ತೆ ಮೇಲೆ ಹರಿಯುತ್ತದೆ. ಎರಡೂ ಕಡೆ ವೆದರ್ ಒಂದೇ. ಒಂದು ಊರು ಆ ಮಳೆಗೆ ಹೊಂದಿಕೊಂಡು ಕಟ್ಟಿಕೊಂಡದ್ದು, ಇನ್ನೊಂದು ಹಾಗೆ ಕಟ್ಟಿಕೊಂಡದ್ದಲ್ಲ.

ಮೊಬೈಲಿನ ವೆದರ್ ಆಪ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಮಲೆನಾಡಿನಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಂಡವರು ಇವನ್ನು ತುಂಬ ನಂಬುತ್ತಾರೆ. ಕೆಲವು ಆಪ್ 30 ದಿನ, 45 ದಿನದವರೆಗೆ ದಿನಕ್ಕೊಂದು ಮೋಡದ ಚಿತ್ರ ತೋರಿಸುತ್ತವೆ. ಮೊದಲ ನಾಲ್ಕೈದು ದಿನದ್ದು ನಿಜವಾದ ವೆದರ್ ಮುನ್ಸೂಚನೆ, ಅದನ್ನು ನಂಬಿ ಕೆಲಸ ಮಾಡಬಹುದು. ಹತ್ತು ದಿನ ದಾಟಿದ ಮೇಲೆ ನಂಬಿಕೆ ಬೇಗ ಕರಗುತ್ತದೆ. ತಿಂಗಳಾಚೆಯ ದಿನಕ್ಕೆ ಆಪ್ ಏನೇ ತೋರಿಸಿದರೂ, ಆ ದಿನಕ್ಕೆ ವಾಡಿಕೆ ಏನಿದೆಯೋ ಅದಕ್ಕಿಂತ ಹೆಚ್ಚಿನ ಮಾಹಿತಿ ಅದರಲ್ಲಿ ಇರುವುದಿಲ್ಲ, ಮೇಲೆ ವೆದರ್ ಅಂತ ಬರೆದಿದ್ದರೂ ಅಷ್ಟೇ. ಆದ್ದರಿಂದ ತಾರೀಕು ಗೊತ್ತುಮಾಡುವಾಗ ಆಪ್ ತೆಗೆಯಬೇಡಿ. ಆ ಊರಿನವರನ್ನು ಕೇಳಿ, ಈ ಹದಿನೈದು ದಿನದಲ್ಲಿ ಇಲ್ಲಿ ಸಾಮಾನ್ಯವಾಗಿ ಮಳೆ ಹೇಗಿರುತ್ತದೆ, ಮೇ ಕೊನೆಯಲ್ಲಿ ಗುಡುಗಿನ ಮಳೆ ಸಾಯಂಕಾಲ ಬರುತ್ತದಾ ರಾತ್ರಿ ಬರುತ್ತದಾ ಅಂತ. ಶಾಮಿಯಾನ ಸಾಕಾ, ತಗಡಿನ ಚಪ್ಪರ ಬೇಕಾ ಅನ್ನುವುದನ್ನು ಒಂದು ವಾರ ಮುಂಚೆ ಆಪ್ ನೋಡಿ ತೀರ್ಮಾನ ಮಾಡಿ.